ರೋಟರ್ ಆರ್ಮ್ ಜೇಬಿನಲ್ಲಿರಲಿ

ಹಳೇ ಕಾಲದ ಕ್ಲಾಸಿಕ್ ಕಾರನ್ನು ಕಳ್ಳರಿಂದ ಕಾಪಾಡಲು ಒಳ್ಳೆಯ ಅಲಾರಂ, ಒಳ್ಳೆಯ ಕವರ್ ಇದ್ದರೆ ಸಾಕು ಎಂದಿದ್ದೀರಿ. ಅಲಾರಂ ಮೇಲೆ ನನಗೇನೋ ಅಷ್ಟು ಭರವಸೆ ಇಲ್ಲ. ಅದು ಅರಚಿಕೊಂಡರೆ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ, ಅಷ್ಟೇ.

ಈ ಕಾರುಗಳಲ್ಲಿ ಸರಿಯಾದ ಕೀ ಇಲ್ಲದಿದ್ದರೆ ಇಂಜಿನ್ ಶುರುವಾಗದಂತೆ ತಡೆಯುವ ಇಮ್ಮೊಬಿಲೈಸರ್ ಇರುವುದಿಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಸ್ಟೀರಿಂಗ್ ಲಾಕ್ ಕೂಡ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಕೈಹಾಕಿ ವೈರ್ ಜೋಡಿಸಿದರೆ ಮುಗಿಯಿತು. ಹಳೇ ಪೆಟ್ರೋಲ್ ಇಂಜಿನ್ನಿಗೆ ಖರ್ಚಿಲ್ಲದ ಉಪಾಯ ಒಂದಿದೆ: ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ ಕ್ಲಿಪ್ ಬಿಡಿಸಿ, ಒಳಗೆ ತಿರುಗುವ ರೋಟರ್ ಆರ್ಮ್ ಎಳೆದು ಜೇಬಿಗೆ ಹಾಕಿಕೊಳ್ಳಿ. ಹೆಬ್ಬೆರಳಿನಷ್ಟು ಗಾತ್ರದ ಸಾಮಾನು. ಅದಿಲ್ಲದೆ ಸ್ಟಾರ್ಟರ್ ಎಷ್ಟೇ ತಿರುಗಿದರೂ ಪ್ಲಗ್ಗಿಗೆ ಕಿಡಿ ಹೋಗದು. 1940ರಲ್ಲಿ, ಜರ್ಮನ್ ಸೈನ್ಯ ಬಂದಿಳಿಯುವ ಭಯವಿದ್ದಾಗ, ಬ್ರಿಟನ್ನಿನ ಜನ ಕಾರು ನಿಲ್ಲಿಸಿ ಹೋಗುವಾಗ ಮಾಡುತ್ತಿದ್ದದ್ದೂ ಇದನ್ನೇ. ದಿನಾ ಓಡಿಸುವವರಿಗೆ ಇದು ರಗಳೆ. ಅವರು ಕಿಡಿಗೆ ಬೇಕಾದ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ನ ವೈರಿಗೆ, ಅದನ್ನು ಕಡಿಯುವಂಥ ಒಂದು ಸ್ವಿಚ್ ಗುಟ್ಟಾಗಿ ಹಾಕಿಸಿಕೊಳ್ಳಲಿ, ಸೀಟಿನಡಿ ಮಾತ್ರ ಬೇಡ, ಕಳ್ಳ ಮೊದಲು ತಡಕುವುದೇ ಅಲ್ಲಿ.

ಇಷ್ಟಾದರೂ ಲಾರಿಗೆ ಏರಿಸಿಕೊಂಡು ಹೋದರೆ? ಅದಕ್ಕೆ ವೀಲ್ ಲಾಕ್, ಜಿಪಿಎಸ್ ಟ್ರ್ಯಾಕರ್. ಟ್ರ್ಯಾಕರ್ ಬ್ಯಾಟರಿ ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲಿಸುವವರು ನೋಡಿಕೊಳ್ಳಿ.

ಕವರ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. ಬಾನೆಟ್ ಮೇಲಿನ ಲಾಂಛನ ಕೀಳುವವರಿಗೂ ಗೀರು ಎಳೆಯುವವರಿಗೂ ಕಾರು ಕಣ್ಣಿಗೆ ಬೀಳದಿದ್ದರೆ ಒಳ್ಳೆಯದೇ. ಆದರೆ ಧೂಳಿನ ಮೇಲೆ ಕವರ್ ಎಳೆದರೆ ಗೀರು ನಾವೇ ಹಾಕಿದಂತೆ. ಇನ್ನು ಮನೆ ಮುಂದೆ ನಿಲ್ಲಿಸಿದ ಫೋಟೋ, ನಂಬರ್ ಪ್ಲೇಟ್ ಸಮೇತ ಎಲ್ಲೆಡೆ ಹಂಚುವವರಿಗೆ ಯಾವ ಬೀಗ ತಾನೇ ಏನು ಮಾಡೀತು!