ಸುಂಕ, ಸೌತೆಕಾಯಿ ಮತ್ತು 38ನೆಯ ವಿಧಿ

ಕೆಲಸ ತಪ್ಪಿಸಿಕೊಳ್ಳುವುದರಲ್ಲಿ ಪಳಗಿದ ಮನುಷ್ಯ ಕರ್ತವ್ಯದ ಬಗ್ಗೆ ಎಷ್ಟು ಶ್ರದ್ಧೆಯಿಂದ ಓದಬಲ್ಲನೆಂದು ತಿಳಿಯಬೇಕಾದರೆ ನಮ್ಮ ಯಜಮಾನರು ಲಿಥುವೇನಿಯನ್ ಭಾಷೆ ಕಲಿಯುವುದನ್ನು ನೋಡಬೇಕು. ಲಿಥುವೇನಿಯದ ರಾಜಧಾನಿ ವಿಲ್ನಿಯಸ್‌ನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಅವರಿಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕು. ಆದರೆ ಈ ದೇಶದಲ್ಲಿ ಕಾಯಂ ವಾಸದ ಪರವಾನಗಿ ಬೇಕೆಂದರೆ ಐದು ವರ್ಷ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಇಲ್ಲಿನ ರಾಜ್ಯಭಾಷೆಯ ಪರೀಕ್ಷೆಯನ್ನೂ ಸಂವಿಧಾನದ ಮೂಲಾಂಶಗಳ ಪರೀಕ್ಷೆಯನ್ನೂ ಪಾಸು ಮಾಡಬೇಕು. ಸಂವಿಧಾನವೆಂದ ಮೇಲೆ ಹಕ್ಕು, ಕರ್ತವ್ಯ, ಹೊಣೆ, ಬಾಧ್ಯತೆಗಳೆಲ್ಲ ಬಂದೇ ಬರುತ್ತವೆಂದು ಅವರು ಎಲ್ಲಿಂದಲೋ ಒಂದು ಪದಪಟ್ಟಿಯನ್ನು ಇಳಿಸಿಕೊಂಡು ಮುದ್ರಿಸಿ ತಂದರು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಲಿಥುವೇನಿಯನ್. ಯಾವ ದಿನ ಯಾರು ಪಾತ್ರೆ ತೊಳೆಯಬೇಕೆಂದು ನಾನು ಬರೆದು ಫ್ರಿಜ್ಜಿನ ಬಾಗಿಲಿಗೆ ಹಚ್ಚಿದ್ದ ಚೀಟಿಯೊಂದಿತ್ತು. ಕರ್ತವ್ಯದ ಪಟ್ಟಿಯನ್ನು ಅವರು ಸರಿಯಾಗಿ ಅದರ ಮೇಲೆಯೇ, ಒಂದಕ್ಷರವೂ ಹೊರಗೆ ಕಾಣದಂತೆ ಅಂಟಿಸಿದರು.

ಪಟ್ಟಿಯ ಮೊದಲ ಪದವೇ ಡ್ಯೂಟಿ. ಈ ಪದದ ವಿಷಯದಲ್ಲಿ ನಾವು ಕನ್ನಡಿಗರು ಧಾರಾಳಿಗಳು. ಕಂಡಕ್ಟರು ಡ್ಯೂಟಿ ಮುಗಿಸಿ ಮನೆಗೆ ಹೋಗುತ್ತಾರೆ, ನರ್ಸಮ್ಮನಿಗೆ ನೈಟ್ ಡ್ಯೂಟಿ ಬೀಳುತ್ತದೆ, ಸೈಟು ನೋಂದಣಿ ಮಾಡಿಸುವಾಗ ಸ್ಟ್ಯಾಂಪ್ ಡ್ಯೂಟಿ ಕಟ್ಟುತ್ತೇವೆ, ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಬೇಡದ್ದನ್ನೆಲ್ಲ ಕೊಳ್ಳುತ್ತೇವೆ. ಲಿಥುವೇನಿಯನ್ನರು ಇಂಥ ಬೆರಕೆಗೆ ಒಪ್ಪುವವರಲ್ಲ. ಅವರಲ್ಲಿ ಕರ್ತವ್ಯವೆಂದರೆ ‘ಪರೆಯ್ಗ’, ಪಾಳಿಯ ಮೇಲೆ ಎಚ್ಚರವಾಗಿ ಕಾಯುವುದು ‘ಬುದೇಯಿಮಸ್’, ಸರಕಿನ ಮೇಲಿನ ಸುಂಕ ‘ಮುಯ್ತಸ್’. ಪದಪಟ್ಟಿ ಮಾಡಿದ ಪುಣ್ಯಾತ್ಮರು ಮೂರನ್ನೂ ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಕೂರಿಸಿದ್ದರು. ಬಾಯಿಗೆ ಯಾವುದು ಸಲೀಸೋ ಅದನ್ನು ನಮ್ಮವರು ಆರಿಸಿಕೊಂಡರು.

ನಾವಿರುವುದು ನೆರಿಸ್ ನದಿಯ ದಂಡೆಯ ಝಿರ್ಮೂನಾಯ್ ಬಡಾವಣೆಯಲ್ಲಿ, ಸೋವಿಯತ್ ಕಾಲದ ಐದು ಅಂತಸ್ತಿನ ಕಟ್ಟಡದಲ್ಲಿ. ಲಿಫ್ಟ್ ಇಲ್ಲ. ಮೇಲಿನ ಮಹಡಿಯ ಅಜ್ಜಿಯೊಬ್ಬರು ಆಲೂಗಡ್ಡೆಯ ಚೀಲ ಹಿಡಿದು ಮೆಟ್ಟಿಲ ಬುಡದಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ನಮ್ಮವರು ಆ ಚೀಲವನ್ನು ಹೊತ್ತು ಅವರ ಬಾಗಿಲಿಗೆ ಮುಟ್ಟಿಸಿದರು. ಸ್ವಂತ ಮನೆಯ ತರಕಾರಿ ಚೀಲವನ್ನು ಕಂಡರೆ ಬೆನ್ನುನೋವು ನೆನಪಾಗುವ ಮನುಷ್ಯ ಇವರೇ ಎಂಬುದು ಬೇರೆ ಮಾತು. ಅಜ್ಜಿ ಕೃತಜ್ಞತೆ ಹೇಳಿದಾಗ, ‘ಅಯ್ಯೋ, ಇದು ನನ್ನ ಕರ್ತವ್ಯ’ ಎಂಬ ವಿನಯವನ್ನು ಅವರ ಭಾಷೆಯಲ್ಲೇ ಪ್ರಕಟಿಸಲು ಹೊರಟು ‘ತಯ್ ಮನೊ ಮುಯ್ತಸ್’ ಎಂದರು. ಇದು ನನ್ನ ಸುಂಕ ಎಂದಂತಾಯಿತು. ಅಜ್ಜಿ ಇವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದರು. ಸಬ್ಬಸಿಗೆ ಹಾಕಿ ಉಪ್ಪುನೀರಿನಲ್ಲಿ ನೆನೆಸಿದ ಸೌತೆಕಾಯಿಯ ದೊಡ್ಡ ಗಾಜಿನ ಜಾಡಿಯೊಂದನ್ನು ತಂದು ಇವರ ಕೈಗಿತ್ತು ಬಾಗಿಲು ಹಾಕಿಕೊಂಡರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಆ ಊರಿನಲ್ಲೂ ಗೊತ್ತಿದ್ದಂತೆ ಕಾಣುತ್ತದೆ.

ಆ ಜಾಡಿಯನ್ನು ನಮ್ಮವರು ಲಿಥುವೇನಿಯನ್ ಔದಾರ್ಯದ ಲೆಕ್ಕಕ್ಕೆ ಜಮೆ ಮಾಡಿದರು. ಮುಂದಿನ ಸಲ ಮತ್ತೆ ಚೀಲ, ಮತ್ತೆ ಅದೇ ವಾಕ್ಯ. ಈ ಬಾರಿ ಬೀಟ್‌ರೂಟ್. ನಡೆದದ್ದೇನೆಂದು ನನಗೆ ಮೊದಲ ಜಾಡಿಗೇ ಹೊಳೆದಿತ್ತು, ಏಕೆಂದರೆ ‘ಮುಯ್ತಸ್’ ಎಂಬ ಪದವನ್ನು ನಾನು ಪಟ್ಟಿಯಿಂದಲ್ಲ, ತುಪ್ಪದಿಂದ ಕಲಿತವಳು. ಮೈಸೂರಿನಿಂದ ಅತ್ತೆಯವರು ಚಟ್ನಿಪುಡಿ, ಹುಳಿಪುಡಿಗಳ ನಡುವೆ ಒಂದು ಡಬ್ಬಿ ತುಪ್ಪವನ್ನಿಟ್ಟು ಪಾರ್ಸೆಲ್ ಮಾಡಿದ್ದರು. ಐರೋಪ್ಯ ಒಕ್ಕೂಟಕ್ಕೆ ಹೊರದೇಶಗಳಿಂದ ಹೀಗೆ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರಿಸಿಕೊಳ್ಳುವಂತಿಲ್ಲ. ಪಶುರೋಗಗಳು ಒಳಗೆ ಬಾರದಿರಲೆಂದು ಈ ಕಟ್ಟುನಿಟ್ಟು. ಉಡುಗೊರೆಯ ಬೆಲೆ 45 ಯೂರೋ ಮೀರದಿದ್ದರೆ ಸುಂಕವಿಲ್ಲ ಎಂಬ ಸೌಲಭ್ಯ ಚಟ್ನಿಪುಡಿಯನ್ನು ಕಾಪಾಡೀತೇ ಹೊರತು ತುಪ್ಪವನ್ನಲ್ಲ. ಸುಂಕದ ಕಟ್ಟೆಯಲ್ಲಿ ಈ ಪಾಠ ಕಲಿತು ಬಂದಿದ್ದ ನಾನು ಯಜಮಾನರ ವಾಕ್ಯವನ್ನು ತಿದ್ದಿದ್ದು ನಿಜ. ಸೌತೆಕಾಯಿ ಮುಗಿದ ಮೇಲೆ ತಿದ್ದಿದೆ. ‘ಪರೆಯ್ಗ’ ಎಂದು ಸರಿಯಾಗಿ ಹೇಳಲು ಶುರುಮಾಡಿದಂದಿನಿಂದ ಅಜ್ಜಿ ಬರಿಯ ನಗು ಕೊಡುತ್ತಾರೆ.

ಪಟ್ಟಿಯಲ್ಲಿ ಮುಂದಿನದು ರೆಸ್ಪಾನ್ಸಿಬಿಲಿಟಿ, ಲಿಥುವೇನಿಯನ್ನಿನಲ್ಲಿ ‘ಅತ್ಸಕೋಮೀಬೆ’. ‘ಅತ್ಸಕೀತಿ’ ಎಂದರೆ ಉತ್ತರ ಕೊಡುವುದು. ಇಂಗ್ಲಿಷಿನ ಪದದ ಹೊಟ್ಟೆಯಲ್ಲೂ ಉತ್ತರವೇ ಇದೆ. ನಮ್ಮ ಜವಾಬ್ದಾರಿ ಕೂಡ ಪಾರಸಿಯ ಕಡೆಯಿಂದ ಬಂದ ಜವಾಬಿನ ಸಂತಾನ. ಇಷ್ಟು ದೂರದೂರದ ಜನ ಒಬ್ಬರನ್ನೊಬ್ಬರು ಕೇಳದೆಯೇ ಹೊಣೆಗಾರನೆಂದರೆ ಕೇಳಿದಾಗ ಉತ್ತರ ಕೊಡುವವನು ಎಂದು ತೀರ್ಮಾನಿಸಿದ್ದಾರೆ. ನಮ್ಮ ಮನೆಯನ್ನು ಯಾರೂ ವಿಚಾರಿಸಿದಂತಿಲ್ಲ. ಹಾಲಿಗಿಟ್ಟಿದ್ದೇನೆ, ನೋಡುತ್ತಿರಿ ಎಂದು ಹೇಳಿ ನಾನು ಬಟ್ಟೆ ಒಣಹಾಕಲು ಹೋದೆ. ಯಜಮಾನರು ಒಲೆಯೆದುರೇ ನಿಂತಿದ್ದರು, ಸುಳ್ಳು ಹೇಳಬಾರದು. ಅಲ್ಲಿ ನಿಂತು ಅವರು ಬಾಯಿಪಾಠ ಮಾಡುತ್ತಿದ್ದದ್ದು ‘ಈಸಿಪರೆಯ್ಗೊಯಿಮಸ್’ ಎಂಬ ಪದವನ್ನು. ತಾನಾಗಿ ಮೈಮೇಲೆ ಹಾಕಿಕೊಂಡ ಬದ್ಧತೆ ಎಂದು ಅದರ ಅರ್ಥ. ಪದದ ಮೊದಲಲ್ಲಿ ಕೆನೆಗಟ್ಟುತ್ತಿದ್ದ ಹಾಲು ಕೊನೆಯಕ್ಷರದ ಹೊತ್ತಿಗೆ ಒಲೆಯ ಗಾಜಿನ ಮೇಲೆ ಹರಿದು, ಸೀದು, ಕಂದುಬಣ್ಣದ ಚಿಪ್ಪಾಗಿ ಅಂಟಿಕೊಂಡಿತ್ತು. ಇದಕ್ಕೆ ಯಾರು ಜವಾಬ್ದಾರಿ ಎಂದು ಮೂರು ಭಾಷೆಗಳಲ್ಲಿ ಕೇಳಿದರೂ ಒಂದು ಭಾಷೆಯಲ್ಲೂ ಜವಾಬು ಬರಲಿಲ್ಲ.

ಆದರೆ ಅವರಿಗೆ ಲಿಥುವೇನಿಯನ್ನಿನ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ‘ರೆಯ್ಕ್ಯ’ ಎಂಬ ಪುಟ್ಟ ಪದದಿಂದ. ಅದಕ್ಕೆ ಬೇಕು ಎಂದರ್ಥ. ಇಂಗ್ಲಿಷಿನಲ್ಲಿ ‘ಐ ಮಸ್ಟ್’ ಎಂದೊಡನೆ ಕರ್ತೃ ಸಿಕ್ಕಿಬೀಳುತ್ತಾನೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಲಿಥುವೇನಿಯನ್ನರು ನಮ್ಮಂತೆಯೇ ‘ಮನ್ ರೆಯ್ಕ್ಯ’, ಅಂದರೆ ನನಗೆ ಬೇಕು ಎನ್ನುತ್ತಾರೆ. ಆ ‘ನನಗೆ’ಯೂ ಬೇಡವೆನಿಸಿದರೆ ಬಿಟ್ಟರಾಯಿತು. ‘ರೆಯ್ಕ್ಯ ಇಶ್‌ಪ್ಲೌತಿ ಇಂದುಸ್’ ಎಂದರೆ ಪಾತ್ರೆ ತೊಳೆಯಬೇಕು. ಯಾರು ತೊಳೆಯಬೇಕೆಂಬ ಪ್ರಶ್ನೆಯನ್ನು ಈ ವಾಕ್ಯ ಎತ್ತುವುದೂ ಇಲ್ಲ, ಅದನ್ನು ಎತ್ತಿದವರನ್ನು ಹಚ್ಚಿಕೊಳ್ಳುವುದೂ ಇಲ್ಲ. ರಾತ್ರಿ ಊಟವಾದ ಮೇಲೆ ನಮ್ಮವರು ಸಿಂಕಿನೆದುರು ನಿಂತು, ಹವಾಮಾನದ ವರದಿ ಓದುವ ಗಾಂಭೀರ್ಯದಲ್ಲಿ, ಪಾತ್ರೆ ತೊಳೆಯಬೇಕು ಎಂದು ಲಿಥುವೇನಿಯನ್ನಿನಲ್ಲಿ ಸಾರಿ, ಉಚ್ಚಾರಣೆ ಸರಿಯಾಯಿತೇ ಎಂದು ನನ್ನನ್ನು ಕೇಳಿ, ಮಲಗಲು ಹೋಗುತ್ತಿದ್ದರು. ಕನ್ನಡದಲ್ಲಿ ಈ ವಿದ್ಯೆ ಮೊದಲಿನಿಂದಲೂ ಇದ್ದದ್ದೇ. ‘ಗ್ಯಾಸ್ ಬುಕ್ ಮಾಡಬೇಕಿತ್ತು’ ಎಂದು ನಿಟ್ಟುಸಿರಿಡುವ ಗಂಡಂದಿರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕೀಗ ಐರೋಪ್ಯ ಮಾನ್ಯತೆಯೂ ಸಿಕ್ಕಿತು.

‘ಬುದೇಯಿಮಸ್’ ಪದ ಕೊಟ್ಟದ್ದು ಬೇರೆ ಬಗೆಯ ಗೌರವ. ಅದರ ಬೇರಿಗೂ ಸಂಸ್ಕೃತದ ಬುಧ್ ಧಾತುವಿಗೂ ನಂಟಿದೆ. ಪಾಳಿಯಲ್ಲಿರುವ ಕಾವಲಿನವರನ್ನು ಇವರು ‘ಬುದಿಂತಿಸ್’ ಎಂದರೆ ನಾವು ಅದೇ ಬೇರಿನಿಂದ ಎಚ್ಚೆತ್ತವನನ್ನು ಬುದ್ಧ ಎಂದೆವು. ಇದನ್ನು ಓದಿದ ದಿನ ಯಜಮಾನರು ತಮ್ಮ ಕಟ್ಟಡದ ರಾತ್ರಿ ಪಾಳಿಯವರಿಗೆ ಕೈಮುಗಿಯಲು ಹೋದರಂತೆ. ಆ ಬುದ್ಧರು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದುದರಿಂದ ನಮಸ್ಕಾರ ಸಲ್ಲಲಿಲ್ಲ.

ಇಷ್ಟರಲ್ಲಿ ಅತ್ತೆಯವರೇ ಬಂದರು, ತುಪ್ಪವಿಲ್ಲದೆ. ಮಗ ಪರೀಕ್ಷೆಗೆ ಓದುತ್ತಿದ್ದಾನೆಂಬ ಸಂಭ್ರಮದಲ್ಲಿ ಪಕ್ಕದಲ್ಲೇ ಕುಳಿತು, ಅದರಲ್ಲೇನಿದೆ ಜೋರಾಗಿ ಓದಿ ಹೇಳು ಎಂದರು. 1992ರ ಅಕ್ಟೋಬರ್ 25ರಂದು ಜನಮತಗಣನೆಯಲ್ಲಿ ಅಂಗೀಕಾರವಾದ ಸಂವಿಧಾನ ಇದು ಎಂಬಲ್ಲಿಂದ ಹೊರಟು, ಅಧ್ಯಕ್ಷರು, ಸಂಸತ್ತು ಎಂದು ಜಿಗಿಯುತ್ತಾ, ಅವರು ಯಾವ ಮುನ್ನೆಚ್ಚರಿಕೆಯೂ ಇಲ್ಲದೆ 38ನೆಯ ವಿಧಿಯನ್ನು ಕನ್ನಡಕ್ಕೆ ಬಿಡಿಸಿಬಿಟ್ಟರು: ತಂದೆತಾಯಿಯರನ್ನು ಗೌರವಿಸುವುದು, ಮುಪ್ಪಿನಲ್ಲಿ ಅವರನ್ನು ನೋಡಿಕೊಳ್ಳುವುದು, ಅವರು ಬಿಟ್ಟುಹೋದದ್ದನ್ನು ಜೋಪಾನ ಮಾಡುವುದು ಮಕ್ಕಳ ಕರ್ತವ್ಯ. ಅತ್ತೆ ಕನ್ನಡಕ ಸರಿಮಾಡಿಕೊಂಡರು. “ಸಂವಿಧಾನದಲ್ಲೇ ಇದೆಯೇನೋ? ನಮ್ಮದರಲ್ಲಿ ಯಾಕಿಲ್ಲ?” 1976ರ 42ನೆಯ ತಿದ್ದುಪಡಿಯಿಂದ ನಮ್ಮಲ್ಲೂ ಮೂಲಭೂತ ಕರ್ತವ್ಯಗಳು ಬಂದವೆಂದು ಮಗ ವಿವರಿಸಿದರು. ಅತ್ತೆ ಒಂದೊಂದನ್ನೂ ಓದಿಸಿದರು. ಧ್ವಜ, ರಾಷ್ಟ್ರಗೀತೆ, ಕಾಡು, ಕೆರೆ, ವೈಜ್ಞಾನಿಕ ಮನೋಭಾವ ಎಲ್ಲ ಬಂದವು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಓದಿಸುವುದು ಹೆತ್ತವರ ಕರ್ತವ್ಯವೆಂದು 2002ರಲ್ಲಿ ಸೇರಿಸಿದ್ದೂ ಬಂತು. ಹೆತ್ತವರ ಬಗ್ಗೆ ಮಕ್ಕಳಿಗೆ ಒಂದು ಗೆರೆಯೂ ಇರಲಿಲ್ಲ. “ನಾವು ಓದಿಸಬೇಕು, ನೀವು ಓದಿ ಇಲ್ಲಿಗೆ ಬರಬೇಕು,” ಎಂದು ಅತ್ತೆ ಅದೇ ಉಸಿರಿನಲ್ಲಿ ಬೆಂಗಳೂರಿನ ಕಿರಿಯ ಮಗನಿಗೆ ವಿಡಿಯೊ ಕರೆ ಮಾಡಿ 38ನೆಯ ವಿಧಿಯನ್ನು ಒಪ್ಪಿಸಿದರು.

ಮೈದುನ ಜಾಣ. “ಅಮ್ಮಾ, ಅದು ಆ ದೇಶದ ಸಂವಿಧಾನ. ಅಲ್ಲಿರೋದು ಅಣ್ಣ, ನಾನಲ್ಲ,” ಎಂದ. ನಮ್ಮವರಿಗೆ ರೇಗಿತು. ಹೆತ್ತವರ ಪಾಲನೆಗೆ ಭಾರತದಲ್ಲೂ 2007ರ ಕಾಯಿದೆಯೊಂದಿದೆ ಕಣೋ ಎಂದವರೇ ಅದನ್ನು ಹುಡುಕಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಶುಭೋದಯದ ಗುಲಾಬಿಗಳನ್ನು ಬಿಟ್ಟರೆ ಆ ಗುಂಪಿನಲ್ಲಿ ಬೇರೇನನ್ನೂ ತೆರೆದು ನೋಡದ ಮೈದುನ ಅಂದು ಕಾಯಿದೆಯನ್ನು ಮೊದಲ ಪುಟದಿಂದ ಓದಿದ. ಮೊದಲ ಸೆಕ್ಷನ್ನಿನ ಎರಡನೆಯ ಉಪಸೆಕ್ಷನ್ನಿನಲ್ಲಿ, ಈ ಕಾಯಿದೆ ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ ಎಂಬ ಭಾಗಕ್ಕೆ ಹಳದಿ ಬಳಿದು, ಕೈಮುಗಿದ ಚಿಹ್ನೆಯೊಂದನ್ನು ಸೇರಿಸಿ, ಅದೇ ಗುಂಪಿಗೆ ತಿರುಗಿ ಕಳಿಸಿದ.

ಅತ್ತೆ ಅದನ್ನು ನನ್ನಿಂದ ಓದಿಸಿ, ಅರ್ಥ ಕೇಳಿ ತಿಳಿದುಕೊಂಡು, ಮಗನ ಕಡೆ ತಿರುಗಿದರು.

“ಅಂದರೆ ಅವನಿಗೆ ಒಂದು ದೇಶದ್ದು, ನಿನಗೆ ಎರಡೂ ದೇಶದ್ದು. ಸರಿ, ನನಗೆ ವೀಸಾ ಎಷ್ಟು ದಿನಕ್ಕೆ ಕೊಟ್ಟಿದ್ದಾರೆ?”

“ತೊಂಬತ್ತು ದಿನ, ಅಮ್ಮ. ಷೆಂಗೆನ್‌ನವರ ನಿಯಮ.”

“ಆ 38ರಲ್ಲಿ ತೊಂಬತ್ತು ದಿನ ಅಂತ ಎಲ್ಲಿ ಬರೆದಿದೆ, ತೋರಿಸು.”