ಸ್ಪಷ್ಟನೆ: .303 ರೈಫಲಿಗೆ ಯಾವ ಬೋಲ್ಟ್ ಆದರೂ ನಡೆಯುತ್ತದೆಯೇ?

'ಲೀ-ಎನ್‌ಫೀಲ್ಡ್ .303ರ (ಬ್ರಿಟಿಷರ ಕಾಲದ ಸೇನಾ ರೈಫಲ್) ಬೋಲ್ಟುಗಳನ್ನು ಅದಲುಬದಲು ಮಾಡಬಹುದು, ಬೋಲ್ಟ್ ಹೆಡ್ ಮೇಲೆ 3 ಇದ್ದರೆ ಉತ್ತಮ ದರ್ಜೆ' ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು. (ಬೋಲ್ಟ್ ಎಂದರೆ ತೋಟಾವನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಸರಳು; ಬೋಲ್ಟ್ ಹೆಡ್ ಅದರ ಮುಂದಿನ ಬಿಡಿ ತುದಿ.)

ಬೋಲ್ಟ್ ಸಲೀಸಾಗಿ ಒಳಗೆ ಜಾರಿತು ಅಂದಮಾತ್ರಕ್ಕೆ ಹೊಂದಿತು ಎಂದಲ್ಲ. ಕಾರ್ಖಾನೆಯಲ್ಲಿ ಅದನ್ನು ಆಯಾ ರೈಫಲಿಗೇ ಕೂರಿಸಿ, ಬೋಲ್ಟಿನ ಹಿಡಿಯ ಬುಡದ ಹಿಂಬದಿಯಲ್ಲಿ ರೈಫಲಿನದೇ ಸಂಖ್ಯೆ ಒತ್ತುತ್ತಿದ್ದರು. ಮೊದಲು ನೋಡಬೇಕಾದ್ದು ಅದನ್ನೇ.

ಈ ರೈಫಲಿನ ನಂ. 4 ಮಾದರಿಯ ಬೋಲ್ಟ್ ಹೆಡ್ ಮೇಲಿನ 0, 1, 2, 3 ಬರೀ ಉದ್ದದ ಗುರುತು. 0 ಗಿಡ್ಡ, 3 ಉದ್ದ. ಸವೆದು ಬೋಲ್ಟ್ ಹೆಡ್ಡಿಗೂ ನಳಿಗೆಯ ಹಿಂತುದಿಗೂ ನಡುವಿನ ಸಂದು ಹೆಚ್ಚಾದರೆ ಆರ್ಮರರ್ (ಸೇನೆಯ ಬಂದೂಕು ದುರಸ್ತಿಗಾರ) ದೊಡ್ಡ ಸಂಖ್ಯೆಯದನ್ನು ಹಾಕುತ್ತಿದ್ದ. ಅಂದರೆ 3 ಕಂಡರೆ ಹಿಗ್ಗುವ ಬದಲು ಸಂದು ಅಳೆಯುವ ಗೇಜ್ ಇಟ್ಟು ನೋಡುವುದು ವಾಸಿ! ಸಂದು ಮಿತಿಮೀರಿದರೆ ತೋಟಾದ ಹಿತ್ತಾಳೆ ಕೋಶ ಸೀಳಬಹುದು. ಹಳೆಯ ನಂ. 1 ಮಾದರಿಯ ಹೆಡ್ಡಂತೂ ನಂ. 4ಕ್ಕೆ ಕೂರುವುದೇ ಇಲ್ಲ.