ಎಂಟನೇ ತಿಂಗಳ ಚೆಕಪ್‌ಗೆ ಗಂಡನನ್ನೂ ಒಳಗೆ ಕರೆಯಿರಿ

ಎರಡನೇ ಮಗು ಹುಟ್ಟುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ವಿಷಯ ಯಾರೂ ಬಾಯಿ ಬಿಡದೇನೇ ತೀರ್ಮಾನವಾಗಿರುತ್ತದೆ. ಮಕ್ಕಳು ಸಾಕು ಅಂದರೆ ಆಪರೇಷನ್ ಹೆಂಡತಿಗೆ. ಸಿಸೇರಿಯನ್ ಆದರಂತೂ ಮುಗೀತು. "ಹೇಗೂ ಹೊಟ್ಟೆ ಕೊಯ್ದಿರ್ತಾರಲ್ಲ, ಜೊತೆಗೇ ಮಾಡಿಸಿಬಿಡಿ."

ತಂಗಿಯ ಎರಡನೇ ಹೆರಿಗೆಗೆ ನಾನು ಜೊತೆಗಿದ್ದೆ. ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಅವಸರದಲ್ಲಿ ಸಿಸೇರಿಯನ್‌ಗೆ ತಯಾರಿ ಮಾಡುತ್ತಿದ್ದರು. ಅವಳನ್ನು ಸ್ಟ್ರೆಚರ್ ಮೇಲೆ ಮಲಗಿಸಿದ ಮೇಲೆ ನರ್ಸ್ ಇನ್ನೊಂದು ಫಾರ್ಮ್ ತಂದರು. "ಮಕ್ಕಳಾಗದ ಹಾಗೆ ಆಪರೇಷನ್ನೂ ಮಾಡೋದಲ್ವಾ?" ಉತ್ತರ ಕೊಟ್ಟಿದ್ದು ಅವಳ ಅತ್ತೆ. "ಹ್ಞೂಂ ಸಿಸ್ಟರ್, ಅದನ್ನೂ ಮುಗಿಸಿಬಿಡಿ." ತಂಗಿ ಡ್ರಿಪ್ ಹಾಕಿದ ಕೈಯಲ್ಲೇ ಸಹಿ ಹಾಕಿದಳು. ಸಹಿ ಗೆರೆ ಬಿಟ್ಟು ಕೆಳಗೆ ಜಾರಿತ್ತು. ಅವಳ ಗಂಡ ಆಗ ಔಷಧಿ ತರೋಕೆ ಮೆಡಿಕಲ್ ಸ್ಟೋರ್‌ಗೆ ಹೋಗಿದ್ದರು. ಒಳ್ಳೆಯ ಮನುಷ್ಯ. ಕೇಳಿದ್ದರೆ ಒಪ್ಪುತ್ತಿದ್ದರೋ ಏನೋ, ಅವರನ್ನು ಯಾರೂ ಕೇಳಲೇ ಇಲ್ಲ.

ಹೆರಿಗೆ ನೋವಿನಲ್ಲಿರುವಾಗ ಈ ಒಪ್ಪಿಗೆ ತೆಗೆದುಕೊಳ್ಳಬಾರದು ಅಂತ ಸರ್ಕಾರದ ನಿಯಮವೇ ಹೇಳುತ್ತದೆ. ಮೊದಲೇ, ಚೆಕಪ್‌ಗಳಲ್ಲಿ ಕೂತು ಮಾತಾಡಬೇಕು. ಸಹಿ ಆಪರೇಷನ್ ಆಗುವವರದ್ದೇ ಸಾಕು, ಗಂಡನ ಅನುಮತಿ ಬೇಕಿಲ್ಲ. ಅತ್ತೆಯದ್ದಂತೂ ಬೇಡವೇ ಬೇಡ.

ಹೆಂಗಸಿಗೆ ಮಾಡುವಾಗ ಹೊಟ್ಟೆಯೊಳಗೆ ಹೋಗಬೇಕು. ಗಂಡಸಿಗೆ ಮಾಡುವ ಎನ್‌ಎಸ್‌ವಿಯಲ್ಲಿ, ಅಂದರೆ ಬ್ಲೇಡ್ ಹಾಕದೆ ಮಾಡುವ ಆಪರೇಷನ್‌ನಲ್ಲಿ, ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚರ್ಮದಲ್ಲಿ ಒಂದು ಸಣ್ಣ ತೂತು ಮಾಡಿ, ವೀರ್ಯನಾಳ ಕತ್ತರಿಸಿ ಕಟ್ಟುತ್ತಾರೆ. ಹೊಲಿಗೆ ಇಲ್ಲ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅವತ್ತೇ ಮನೆಗೆ. ಶಕ್ತಿ ಕುಂದುತ್ತದೆ, ಗಂಡಸುತನ ಹೋಗುತ್ತದೆ ಅನ್ನೋದೆಲ್ಲ ಸುಳ್ಳು. ಹಾರ್ಮೋನು ಎಂದಿನಂತೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ.

ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 37.9 ಮಂದಿ ಈ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡ ಮನೆಗಳು ಶೇ 0.3. ಕರ್ನಾಟಕದಲ್ಲಿ ಹೆಂಗಸರ ಪಾಲು ಅರ್ಧಕ್ಕಿಂತ ಜಾಸ್ತಿ, ಗಂಡಸರದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಸರ್ಕಾರವೇ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲಿ ಅಂತ 1930ರಲ್ಲೇ ಆದೇಶ ಹೊರಡಿಸಿದ ಮೈಸೂರು ಸಂಸ್ಥಾನದ ನಾಡು ಇದು. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಗಂಡಸರ ಭಯಕ್ಕೆ ಕಾರಣವೇ ಇಲ್ಲ ಅಂತಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಆಪರೇಷನ್ ಆಯಿತು. ಎಷ್ಟೋ ಜನರನ್ನು ಬಲವಂತವಾಗಿ ಎಳೆದೊಯ್ದಿದ್ದರು. ಆ ಸಿಟ್ಟು ತಗ್ಗಿಸಲು ಆಮೇಲಿನ ಸರ್ಕಾರಗಳು ಹೆಂಗಸರ ಕಡೆ ತಿರುಗಿದವು. ಅದರ ಬೆಲೆ ಯಾರು ತೆತ್ತರು? 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರಗಳಲ್ಲಿ ಆಪರೇಷನ್ ಆದ 13 ಹೆಂಗಸರು ತೀರಿಕೊಂಡರು. ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಜನರಿಗೆ ಮಾಡಿದ್ದರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಸಿಸೇರಿಯನ್ ಜೊತೆಗೇ ಮಾಡಿಸಿಕೊಳ್ತೀನಿ ಅಂತ ಹೆಂಗಸೇ ಯೋಚಿಸಿ ಹೇಳಿದರೆ ನನ್ನ ತಕರಾರಿಲ್ಲ. ಅದು ಅವಳ ದೇಹ. ಆದರೆ ಅವಳ ಮುಂದೆ ಇನ್ನೊಂದು ದಾರಿಯನ್ನೂ ಇಟ್ಟಿರಬೇಕು ಅಲ್ವಾ? ಗಂಡ ಮಾಡಿಸಿಕೊಳ್ಳುವುದಾದರೆ ಅವಸರವೇ ಇಲ್ಲ. ಮಗುವಿಗೆ ಒಂದು ವರ್ಷ ತುಂಬಲಿ, ಗಟ್ಟಿಯಾಗಲಿ. ಅಲ್ಲಿವರೆಗೆ ಕಾಂಡೋಮ್ ಇದೆ, ಕಾಪರ್ ಟಿ ಇದೆ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೆಂಡತಿ ತಾಯಿ ಕಾರ್ಡ್ ಹಿಡಿದು ಒಳಗೆ ಕೂತಿರುತ್ತಾಳೆ, ಗಂಡ ಹೊರಗೆ ಬೈಕ್ ಮೇಲೆ ಮೊಬೈಲ್ ನೋಡುತ್ತಿರುತ್ತಾನೆ. ಡಾಕ್ಟರುಗಳೇ, ಆಶಾ ಅಕ್ಕಂದಿರೇ, ಅವನನ್ನು ಒಳಗೆ ಕರೆಯಿರಿ. ಬಿಪಿ, ಹಿಮೋಗ್ಲೋಬಿನ್ ಏನು ಅಂತ ಅವನಿಗೂ ಹೇಳಿ. "ಇನ್ನು ಮಕ್ಕಳು ಸಾಕಾದರೆ ಆಪರೇಷನ್ ನಿಮಗೋ ಅವರಿಗೋ?" ಅಂತ ಇಬ್ಬರ ಎದುರಿಗೂ ಕೇಳಿ. ಅವನಿಗೆ ಅಂತಾದರೆ ಇದನ್ನೂ ತಿಳಿಸಿ: ಆದ ಮೇಲೂ ಮೂರು ತಿಂಗಳು ಕಾಂಡೋಮ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು.